ಬೀಗರು ತಂದ ರೀಸ್ಲಿಂಗ್

ವೈನಿನ ರುಚಿ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ; ಆದರೆ ಮೋಸೆಲ್ ಕಣಿವೆಯ ಮಣ್ಣಿನ ಬಗ್ಗೆ ಅರ್ಧ ಗಂಟೆ ಎಡೆಬಿಡದೆ ಮಾತಾಡಬಲ್ಲವನಾಗಿದ್ದೆ. ತಪ್ಪು ನನ್ನದಲ್ಲ. ಮಗಳು ಮೇಘನಾ ಮೆಚ್ಚಿದ ಹುಡುಗ ಜರ್ಮನಿಯವನು. ಅವನಪ್ಪ ಮೋಸೆಲ್ ನದಿಯ ದಂಡೆಯಲ್ಲಿ ದ್ರಾಕ್ಷಿ ಬೆಳೆಯುವವರು. ಅವರು ಸಿಯಾಟಲ್ ಪಕ್ಕದ ಬಾಥೆಲ್‌ನ ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬರುವವರಿದ್ದರು. ಹೆಣ್ಣು ಕೊಡುವವರು ಏನೂ ತಿಳಿಯದ ಪೆದ್ದರು ಅನ್ನಿಸಿಕೊಳ್ಳಬಾರದಲ್ಲ. ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ಮೀಟಿಂಗುಗಳ ನಡುವೆ ಕದ್ದು ಓದಿದೆ.

ಓದುತ್ತ ಓದುತ್ತ ನಿಜಕ್ಕೂ ಮರುಳಾದೆ. ಅದೂ ನಮ್ಮ ಸಿಯಾಟಲ್ಲಿನಂತೆ ಬಿಸಿಲಿಗೆ ಬಾಯಿಬಿಡುವ ಸೀಮೆ. ಗುಡ್ಡದ ಇಳಿಜಾರಿನಲ್ಲಿ ಮಣ್ಣಿಗಿಂತ ಸ್ಲೇಟುಕಲ್ಲೇ ಹೆಚ್ಚು. ನಾವೆಲ್ಲ ಅಕ್ಷರ ತಿದ್ದಿದೆವಲ್ಲ, ಅದೇ ಕಲ್ಲು. ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡುತ್ತದಂತೆ. ಕೆಳಗಿನ ಹೊಳೆ ಬಿಸಿಲನ್ನು ಮೇಲಕ್ಕೆ ಎಸೆಯುತ್ತದೆ. ಎಲ್‌ಬ್ಲಿಂಗ್ ಎಂಬ ಹಳೆಯ ದ್ರಾಕ್ಷಿ ತಳಿಗೆ ಸುಣ್ಣಕಲ್ಲಿನ ನೆಲ ಹಿತ. ರೀಸ್ಲಿಂಗ್ ಮಾತ್ರ ಸ್ಲೇಟಿನ ಮೇಲೆ, ಉಳಿದ ತಳಿಗಳ ಕೊಯ್ಲು ಮುಗಿದರೂ, ನಿಧಾನವಾಗಿ ಹಣ್ಣಾಗುತ್ತಲೇ ಇರುತ್ತದೆ.

ಇಷ್ಟನ್ನೂ ಬೀಗರು ಕೋಟು ಬಿಚ್ಚುವ ಮೊದಲೇ ಅವರಿಗೆ ಒಪ್ಪಿಸಿದೆ.

"ಅಪ್ಪಾ, ಪ್ಲೀಸ್. ಹಿ ಲಿವ್ಸ್ ದೇರ್," ಎಂದಳು ಮೇಘನಾ.

ಬೀಗರು ಕೋಟು ಬಿಚ್ಚಿ, ತಾವೇ ಬೆಳೆದ ರೀಸ್ಲಿಂಗಿನ ವೈನ್ ಬಾಟಲಿ ಕೊಟ್ಟರು. ಬೀಗರು ತಂದದ್ದು ಏನೇ ಇರಲಿ, ಮೊದಲು ದೇವರಿಗೆ. ಮಾತಿನ ಭರದಲ್ಲಿ ಅಭ್ಯಾಸಬಲ ಗೆದ್ದಿತು. ನೇರ ದೇವರ ಮನೆಗೆ ಒಯ್ದು, ಕುಂಕುಮ ಹಚ್ಚಿ, ಗಣಪತಿಯ ಮುಂದಿಟ್ಟು ಕೈಮುಗಿದೆ.

ಹೆಂಡತಿ ಸುಮಾ ಬಂದು ನೋಡಿದಳು. "ಏನ್ರೀ ಮಾಡಿದ್ರಿ? ಈಗ ಅದು ಪ್ರಸಾದ. ಬೇಡ ಅನ್ನೋ ಹಾಗಿಲ್ಲ, ತಗೋಬೇಕು."

ಐವತ್ತೆಂಟು ವರ್ಷ ಒಂದು ಹನಿ ಮುಟ್ಟಿರಲಿಲ್ಲ. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಬೀಗರಿಗೆ ಅದನ್ನೂ ಹೇಳಬೇಕಾಯಿತು. ಅಷ್ಟು ಭಾಷಣ ಬಿಗಿದವನಿಗೆ ನಾಚಿಕೆಯಿಂದ ನೆಲ ಬಿಟ್ಟು ಬೇರೇನೂ ಕಾಣಲಿಲ್ಲ. ಸುಮಾ ಬಾಟಲಿ ತೆರೆದು ತೀರ್ಥದ ಚಮಚದಲ್ಲಿ ನನ್ನ ಅಂಗೈಗೆ ಹಾಕಿದಳು. ಬೀಗರೂ ಏನೂ ಕೇಳದೆ ನನ್ನ ಹಾಗೆಯೇ ಕೈ ಚಾಚಿದರು.

ಹೇಗಿದೆ ಎಂದು ಅವರು ಕೇಳಿದಾಗ ಸ್ಲೇಟು, ಹೊಳೆ ಒಂದೂ ನೆನಪಾಗಲಿಲ್ಲ. "ಹುಳಿ," ಎಂದುಬಿಟ್ಟೆ.

ಮೇಘನಾ ಮುಖ ಮುಚ್ಚಿಕೊಂಡಳು. ಬೀಗರು ಬಂದಾಗಿನಿಂದ ಮೊದಲ ಬಾರಿ ನಕ್ಕರು. ಇದನ್ನು ಬೆಳೆದ ವರ್ಷ ಬಿಸಿಲು ಸಾಲಲಿಲ್ಲ, ತಮಗೂ ಹುಳಿಯೇ ಅನ್ನಿಸಿತ್ತು, ಕುಡಿದವರೊಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಆ ಇಳಿಜಾರು ಹತ್ತಿ ಹತ್ತಿ ಸವೆದ ಮೊಣಕಾಲು ತೋರಿಸಿದರು. ನಾನೂ ನನ್ನದನ್ನು ತೋರಿಸಿದೆ. ಅಲ್ಲಿಗೆ ನಾವು ಬೀಗರಾದೆವು.