ಧೂಳಿಗೆ ಹೊಸಿಲು ದಾಟಲು ಬಿಡದ ಸೋಪಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಕಂಪ್ಯೂಟರು, ಟೀವಿ, ಮೊಬೈಲುಗಳನ್ನು ಬಿಚ್ಚುವ ಶೆಡ್ಡಿನ ಹಿಂದಿನ ಬಚ್ಚಲಮನೆಯಲ್ಲಿ ಸೋಪಕ್ಕ ಆಗಲೇ ಸೆರಗು ಸಿಕ್ಕಿಸಿ ನಿಂತಿದ್ದಾರೆ. ಕೆಲಸಗಾರರು ನಿನ್ನೆ ಬಿಚ್ಚಿಟ್ಟು ಹೋದ ಅಂಗಿ ಪ್ಯಾಂಟುಗಳ ರಾಶಿ ಮುಂದಿದೆ. ಒಂದನ್ನೂ ಕೊಡವುವುದಿಲ್ಲ. ಚೊಂಬಿನಿಂದ ನೀರು ಸುರಿದು, ಎಲ್ಲ ತೊಯ್ದ ಮೇಲೇ ಕೈ ಹಚ್ಚುತ್ತಾರೆ.

"ಒಣಗಿದ್ದನ್ನ ಕೊಡವಿದ್ರೆ ಧೂಳು ಎದ್ದು ಮೂಗಿಗೇ ಬರುತ್ತೆ. ನೆಂದ್ರೆ ತೆಪ್ಪಗೆ ಬಿದ್ದಿರುತ್ತೆ."

ಅವರ ಅಪ್ಪ ಇದೇ ಬೀದಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಆಗ ಅಂಗಡಿಗೊಂದು ಹಾಡು. ಬೀದಿ ದಾಟುವಷ್ಟರಲ್ಲಿ ನಾಲ್ಕು ಹಾಡಿನ ಚೂರುಗಳು ಕಿವಿಗೆ ಬೀಳುತ್ತಿದ್ದವು. ಕೆಟ್ಟಿತೆಂದು ಯಾರೂ ಎಸೆಯುತ್ತಿರಲಿಲ್ಲ. ಬರಬರುತ್ತ ರಿಪೇರಿಗೆ ಬರುವವರು ಇಲ್ಲವಾಗಿ, ಗುಜರಿಗೆ ಬರುವ ಸಾಮಾನು ಗುಡ್ಡವಾಯಿತು. ಬೆಸುಗೆ ಹಾಕುತ್ತಿದ್ದ ಅಪ್ಪ ಬೆಸುಗೆ ಕರಗಿಸುವ, ವೈರು ಸುಟ್ಟು ತಾಮ್ರ ತೆಗೆಯುವ ಕೆಲಸಕ್ಕೆ ಇಳಿದರು.

"ಅಪ್ಪ ಬಾಗಿಲಿಗೆ ಬರೋದೇ ತಡ, ಒಂದು ಹೆಗಲು ನಂದು, ಒಂದು ತಮ್ಮಂದು. ಅಂಗಿ ತುಂಬ ಸುಟ್ಟ ವೈರಿನ ವಾಸನೆ. ನಮಗೆ ಅದೇ ಅಪ್ಪನ ವಾಸನೆ. ಈಗ್ಲೂ ಎಲ್ಲಾದ್ರೂ ಮೂಗಿಗೆ ಬಡಿದ್ರೆ ಒಂದು ಗಳಿಗೆ ನಿಂತುಬಿಡ್ತೀನಿ. ಕೆಟ್ಟದ್ದು ಅಂತ ಗೊತ್ತು. ಆದ್ರೂ ಕಾಲು ಏಳಲ್ಲ."

ತಮ್ಮ ಆ ಅಂಗಿ ಅಪ್ಪಿಕೊಂಡೇ ನಿದ್ದೆ ಹೋಗುತ್ತಿದ್ದ. ಕಲಿತ ಮಾತನ್ನು ಮೆಲ್ಲಮೆಲ್ಲಗೆ ಮರೆಯತೊಡಗಿದ. ಸದಾ ಹೊಟ್ಟೆನೋವು. ಶಾಲೆಯಲ್ಲಿ ಮೊದ್ದು ಎಂದರು. ಕೊನೆಗೆ ಮಕ್ಕಳ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿದಾಗ ಸೀಸ ಸಿಕ್ಕಿತು. ಕರಗಿಸಿದ ಬೆಸುಗೆಯಿಂದ ಅಪ್ಪನ ಬಟ್ಟೆಗಂಟಿ ಬಂದ ಧೂಳದು. ಬೆಳೆಯುವ ಮಿದುಳಿಗೆ ಬಿದ್ದ ಏಟು ಪೂರ್ತಿ ವಾಸಿಯಾಗುವುದು ಕಷ್ಟ ಎಂದರು ಡಾಕ್ಟರು.

"ಆಮೇಲೆ ನಾವು ಓಡಿಬಂದ್ರೆ ಅಪ್ಪ ಎರಡೂ ಕೈ ಹಿಂದಕ್ಕೆ ಕಟ್ಕೊಂಡು ನಿಲ್ತಿದ್ರು. ತಮ್ಮನಿಗೆ ಅರ್ಥ ಆಗ್ತಿರ್ಲಿಲ್ಲ. ಅಪ್ಪನಿಗೆ ಕೋಪ ಬಂದಿದೆ ಅನ್ಕೊಂಡು ಅಳ್ತಿದ್ದ."

ಅಪ್ಪ ತೀರಿಕೊಂಡ ಮೇಲೆ ಸೋಪಕ್ಕ ಶೆಡ್ಡಿನ ಯಜಮಾನರ ಬಳಿ ಹೋಗಿ, ಹಿಂದಿನ ಪಾಳು ಕೋಣೆ ಕೊಡಿ, ಕೆಲಸಗಾರರು ಮಿಂದು ಬಟ್ಟೆ ಬದಲಿಸಿ ಮನೆಗೆ ಹೋಗಲಿ ಎಂದು ಕೇಳಿದರು. ಯಜಮಾನರು ನಕ್ಕುಬಿಟ್ಟರು. ಇವರು ಬೆನ್ನು ಬಿಡಲಿಲ್ಲ. ಕೋಣೆ ಸಿಕ್ಕಿತು, ಜನ ಬರಲಿಲ್ಲ.

"ಅಕ್ಕಾ, ದಿನಾ ಮೀಯಿಸಿ ನಮ್ಮನ್ನೇನು ಮದುಮಗ ಮಾಡ್ತೀಯಾ?" ಎಂದು ಒಬ್ಬ ಕಿಚಾಯಿಸಿದ.

"ನಿಂಗೆ ಮದುವೆಯಾಗಿ ಮಗಳೂ ಹುಟ್ಟಾಯ್ತಲ್ಲಪ್ಪ. ನನ್ನ ತಮ್ಮನ್ನ ಒಂದ್ಸಲ ಮಾತಾಡಿಸಿ ಬಾ, ಆಮೇಲೆ ಹೇಳು."

ಆತ ಹೋಗಿ ಮಾತಾಡಿಸಿದ. ಮರುದಿನ ತಾನೇ ಮೊದಲು ಬಂದು ಬಕೆಟ್ಟು ಹಿಡಿದ. ಅವನ ಹಿಂದೆ ಉಳಿದವರೂ ಬಂದರು.

ನಡುವಯಸ್ಸಿನ ತಮ್ಮ ಈಗ ಅಕ್ಕನ ಪಕ್ಕದಲ್ಲೇ ಕೂತು ಒಗೆದ ಬಟ್ಟೆ ಮಡಚುತ್ತಾನೆ. ಮಾತು ತಡವರಿಸಿದರೂ, ಯಾರ ಅಂಗಿ ಯಾವ ಮೊಳೆಗೆ ಎಂಬುದು ಒಂದು ದಿನವೂ ತಪ್ಪಿಲ್ಲ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಸೋಪಕ್ಕ ಕೈಯ ನೊರೆ ಒರೆಸಿಕೊಂಡು ಶೆಡ್ಡಿನತ್ತ ನೋಡುತ್ತಾರೆ. ಅಲ್ಲಿ ಹೆಂಗಸರು ತಲೆಗೆ ಬಟ್ಟೆ ಕಟ್ಟಿ ಕೆಲಸಕ್ಕೆ ಕೂರುತ್ತಿದ್ದಾರೆ.

"ಈ ಬಚ್ಚಲಿಗೆ ಬಾಗಿಲಿಲ್ಲ ನೋಡಿ, ಹೆಣ್ಣಾಳುಗಳು ಧೂಳು ಮೆತ್ಕೊಂಡು ಹಂಗೇ ಮನೆಗೆ ಹೋಗ್ತಾರೆ. ಅವರಿಗೊಂದು ಬಾಗಿಲಿರೋ ಬಚ್ಚಲು ಆಗ್ಬೇಕು. ಮನೇಲಿ ಎದೆಹಾಲಿಗೆ ಕೂಸು ಕಾಯ್ತಿರುತ್ತೆ."