ಜಂಟಿ ಫೋಟೋದಲ್ಲಿ ಕೂತವಳು

ಕಾಜಾ ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದೇನಿಲ್ಲ. ಮನೆ ಮಾಲೀಕ ಬಾಗಿಲು ಬಡಿದಾಗಲೆಲ್ಲ "ಪಿಂಚಣಿ ಇನ್ನೇನು ಬಂದೇ ಬಿಡ್ತು" ಎಂದು ಏಳು ತಿಂಗಳಿಂದ ನಗುಮುಖದಲ್ಲೇ ಹೇಳುತ್ತ ಬಂದವಳು ಅವಳು. ಅದಕ್ಕೂ ಮೊದಲು, ಕಣ್ಣಿಗೆ ಪೊರೆ ಬಂದದ್ದನ್ನು ಟೈಲರನಿಂದ ಮುಚ್ಚಿಟ್ಟು, ಸೂಜಿಗೆ ದಾರ ಪೋಣಿಸಿಕೊಡಿ ಎಂದು ಪಕ್ಕದ ಮನೆಯವರನ್ನು ಕಾಡಿ, ಒಂದು ವರ್ಷ ಕೆಲಸ ಉಳಿಸಿಕೊಂಡವಳು. ಇಂಥವಳಿಗೆ, ಬದುಕೆಲ್ಲ ಒಂದು "ಹೌದು" ಎನ್ನುವ ಮಾತಿನ ಮೇಲೆ ನಿಂತಿದ್ದ ಗಳಿಗೆಯಲ್ಲಿ, ಆ ಎರಡಕ್ಷರ ಬಾಯಿಗೆ ಬರಲಿಲ್ಲ. ಹಣೆಬರಹ ಎನ್ನಬೇಕೋ ಹುಚ್ಚು ಎನ್ನಬೇಕೋ, ನೀವೇ ಹೇಳಿ.

ಅಂಗಿಯ ಗುಂಡಿ ತೂರುವ ಕಂಡಿಯ ಸುತ್ತ ದಾರ ಹೆಣೆದು ಗಟ್ಟಿ ಮಾಡುವುದಕ್ಕೆ ಕಾಜಾ ಎನ್ನುತ್ತಾರೆ. ಮೂವತ್ತು ವರ್ಷ ಅದೊಂದನ್ನೇ ಮಾಡಿದ್ದಕ್ಕೆ ಅವಳಿಗೆ ಆ ಹೆಸರು ಅಂಟಿಕೊಂಡಿತು. ಗಂಡ ಸೈನ್ಯದಿಂದ ನಿವೃತ್ತನಾಗಿ ಬಂದವನು, ಬೀದಿಯವರಿಗೆಲ್ಲ ಸಿಪಾಯಿ. ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕೆಲಸ ಮಾಡಿಕೊಂಡಿದ್ದು, ಶ್ವಾಸಕೋಶ ಕೆಟ್ಟು, ಏಳು ತಿಂಗಳ ಹಿಂದೆ ತೀರಿಕೊಂಡ. ಅವನ ಜೊತೆಗೇ ಪಿಂಚಣಿಯೂ ನಿಂತಿತು. ಅದೇ ತಿಂಗಳು ಟೈಲರ್ ಕಾಜಾ ಹೊಲಿಯುವ ಮಿಷನ್ನು ತಂದ. ಮಕ್ಕಳಿಲ್ಲ. ತವರಿನಲ್ಲಿ ಯಾರೂ ಉಳಿದಿಲ್ಲ. ಸತ್ತ ಸೈನಿಕನ ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಒಂದು ಬಂದರೆ ಕೋಣೆ ಉಳಿಯುತ್ತದೆ, ಕಣ್ಣಿನ ಆಪರೇಷನ್ ಆಗುತ್ತದೆ. ಬರದಿದ್ದರೆ ಬೀದಿಪಾಲು.

ಮಾಜಿ ಸೈನಿಕರ ಕಚೇರಿಗೆ ಅದು ಅವಳ ಐದನೇ ಸುತ್ತು. ಹಿಂದಿನ ನಾಲ್ಕು ಸಲವೂ ಒಂದಲ್ಲ ಒಂದು ಕಾಗದ ಕಡಿಮೆ ಬಿದ್ದಿತ್ತು. ಈ ಸಲ ಗುಮಾಸ್ತ ಎಲ್ಲವನ್ನೂ ಒಂದೊಂದಾಗಿ ತಿರುವಿ ನೋಡಿ, ತಲೆಯಾಡಿಸಿ, ಮೊಹರನ್ನು ಶಾಯಿಗೆ ಒತ್ತಿಯೂ ಆಗಿತ್ತು. ಅವನ ತೋಳಿನ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿದ್ದುದು ಕಾಜಾ ಅಕ್ಕನ ಮಂದಗಣ್ಣಿಗೂ ಬಿತ್ತು. ಕಸುಬಿನವರ ಕಣ್ಣು ಕುರುಡಾದರೂ ಇಂಥದ್ದನ್ನು ಬಿಡುವುದಿಲ್ಲ.

"ಕೊನೇದಾಗಿ ಇದೊಂದು ನೋಡ್ಬಿಡಿ" ಎಂದು ಗುಮಾಸ್ತ ಹಳೆಯ ಕಡತವನ್ನು ಅವಳತ್ತ ತಿರುಗಿಸಿದ. "ನಿವೃತ್ತಿ ಟೈಮಲ್ಲಿ ತೆಗ್ಸಿದ್ದ ಜಂಟಿ ಫೋಟೋ. ಇದು ನೀವೇ ತಾನೇ?"

ಗಂಡಹೆಂಡತಿ ಅಕ್ಕಪಕ್ಕ ಕೂತು ತೆಗೆಸಬೇಕಾದ ಫೋಟೋ ಅದು. ನಾಳೆ ಸಿಪಾಯಿ ಸತ್ತರೆ ಪಿಂಚಣಿ ಯಾರಿಗೆ ಎನ್ನುವುದಕ್ಕೆ ಕಚೇರಿಯಲ್ಲಿರುವ ಗುರುತು ಅದೊಂದೇ. ಕಾಜಾ ಅಕ್ಕ ಅದನ್ನು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದಳು. ಕಡತವನ್ನು ಮೂಗಿನ ಹತ್ತಿರಕ್ಕೆ ಎತ್ತಿಕೊಂಡಳು. ಎಡಗಡೆ ಸಿಪಾಯಿ, ಮೀಸೆ ಕಪ್ಪಗಿದ್ದ ಕಾಲದವನು. ಬಲಗಡೆ ಅವಳೇ ಹೆಣೆದ ಸ್ವೆಟರು, ಅವಳೇ ಹೊಲಿದ ಆರು ಕಾಜಾ. ಎದೆ ತುಂಬಿ ಬಂತು. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು.

"ಸ್ವೆಟರ್ ನಂದು" ಎಂದಳು. "ಮುಖ ನಂದಲ್ಲ."

"ಏನಂದ್ರಿ?"

"ಇವಳು ನನ್ನ ನಾದಿನಿ. ಅವರ ತಂಗಿ."

ಸಾಲಿನಲ್ಲಿ ನಿಂತಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಗುಮಾಸ್ತ ಮೊಹರನ್ನು ಕೆಳಗಿಟ್ಟ.

"ಅಲ್ಲಮ್ಮಾ, ನಾನು ಸುಮ್ನೆ ವಾಡಿಕೆಗೆ ಕೇಳಿದ್ದು" ಎಂದು ಪಿಸುಗುಟ್ಟಿದ. "ಇಪ್ಪತ್ತಾರು ವರ್ಷದ ಫೋಟೋ, ಯಾವ ಮುಖ ಯಾರದು ಅಂತ ದೇವರಿಗೂ ಗೊತ್ತಾಗಲ್ಲ. ಹೌದು ಅಂದಿದ್ರೆ ಮುಗೀತಿತ್ತು. ಇಷ್ಟು ಜನದ ಮುಂದೆ ಹಿಂಗಂದ್ಮೇಲೆ ನಾನೇನು ಮಾಡ್ಲಿ?"

ಮಾಡುವುದನ್ನೇ ಮಾಡಿದ. ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು ಕಡತ ಮುಚ್ಚಿದ. ಫೋಟೋದಲ್ಲಿರುವ ಹೆಂಗಸು ಹದಿನೈದು ದಿನದೊಳಗೆ ಖುದ್ದಾಗಿ ಬಂದು, ತಾನು ಯಾರು, ಅಲ್ಲಿ ಏಕೆ ಕೂತೆ ಎಂದು ಸಾಹೇಬರ ಮುಂದೆ ಹೇಳಿಕೆ ಕೊಡಬೇಕು. ಇಲ್ಲದಿದ್ದರೆ ಕಡತ ತಕರಾರಿನದು ಎಂದು ಕೇಂದ್ರ ಕಚೇರಿಗೆ ಹೋಗುತ್ತದೆ. "ಅಲ್ಲಿಗೆ ಹೋದದ್ದು ವಾಪಸ್ ಬಂದಿದ್ದನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ" ಎಂದ, ಕೆಟ್ಟ ಮನುಷ್ಯನಲ್ಲ.

ಕಾಜಾ ಅಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸಿಪಾಯಿಯ ಮೇಲೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತಾರು ವರ್ಷ ಒಂದೇ ತಟ್ಟೆಯಲ್ಲಿ ಉಂಡಂತೆ ಬಾಳಿದವನು ಇದನ್ನು ಮಾತ್ರ ನುಂಗಿಕೊಂಡೇ ಹೋದನಲ್ಲ! ಅವನನ್ನು ಈಗ ಎಲ್ಲಿ ಹಿಡಿದು ಕೇಳುವುದು? ಕೇಳಬೇಕಾದವಳು ನಾದಿನಿ. ಆ ನಾದಿನಿಯ ಬಾಗಿಲಿಗೆ ಹೋಗುವುದಕ್ಕಿಂತ ಕೇಂದ್ರ ಕಚೇರಿಗೆ ನಡೆದುಕೊಂಡು ಹೋಗುವುದು ಅವಳಿಗೆ ಸುಲಭವಿತ್ತು.

ಯಾಕೆಂದರೆ ಮೊದಲು ಬಾಗಿಲು ಹಾಕಿದವಳು ಕಾಜಾ ಅಕ್ಕನೇ. ಸಿಪಾಯಿ ನಿವೃತ್ತನಾಗುವ ಹೊತ್ತಿಗೆ ಕಾಜಾ ಅಕ್ಕನಿಗೆ ಹೆರಿಗೆಯಾಗಿ, ಕೂಸು ಉಸಿರಿಲ್ಲದೆ ಹುಟ್ಟಿತ್ತು. ಜ್ವರದಲ್ಲಿ ಮೈಮೇಲೆ ಪ್ರಜ್ಞೆಯಿಲ್ಲದೆ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಬಿದ್ದಿದ್ದಳು. ಆಮೇಲೆ ಇನ್ನೊಂದು ಕೂಸು ಆಗಲೇ ಇಲ್ಲ. ಮೂರು ವರ್ಷ ಕಳೆದು, ಮದುವೆಯಾಗಿ ಬೇರೆ ಊರು ಸೇರಿದ್ದ ನಾದಿನಿ ತನ್ನ ಚೊಚ್ಚಲ ಮಗುವನ್ನು ಎತ್ತಿಕೊಂಡು ತೋರಿಸಲು ಬಂದಳು. ಸಿಪಾಯಿ ಮನೆಯಲ್ಲಿರಲಿಲ್ಲ. ಕಾಜಾ ಅಕ್ಕ ಕಿಟಕಿಯಿಂದ ನೋಡಿದಳು, ಚಿಲಕ ತೆಗೆಯಲಿಲ್ಲ. ನಾದಿನಿ ಅರ್ಧ ಗಂಟೆ "ಅತ್ತಿಗೆ, ಅತ್ತಿಗೆ" ಎಂದು ಕರೆದು ಹೋದಳು. ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ಸಿಪಾಯಿ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡು, ಕೊನೆಗೆ ಸುಮ್ಮನಾಗುವುದನ್ನು ಕಲಿತ. ಅವನು ಸತ್ತ ಸುದ್ದಿ ತಂಗಿಗೆ ಮುಟ್ಟಿದ್ದು ಎಲ್ಲ ಮುಗಿದು ನಾಲ್ಕು ದಿನವಾದ ಮೇಲೆ, ಅದೂ ಯಾರದೋ ಬಾಯಿಂದ.

ಹೊಟ್ಟೆ ಮಾನ ಮರ್ಯಾದೆ ಕೇಳುವುದಿಲ್ಲ. ಮೂರನೇ ದಿನ ಬಸ್ಸು ಹತ್ತಿದಳು.

ನಾದಿನಿ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ನೆಲಮಾಳಿಗೆ, ಮಂಜಿನ ಹಾಗೆ ತುಂಬಿದ ಹಬೆ, ಗೋಡೆಯುದ್ದಕ್ಕೂ ಗುಡುಗುಡು ತಿರುಗುವ ಯಂತ್ರಗಳು. ಉದ್ದನೆಯ ಮೇಜಿನ ಮೇಲೆ ವಾರ್ಡಿನ ಸಂಖ್ಯೆ ಹಾಕಿದ ಬಿಳಿ ಚಾದರಗಳ ರಾಶಿ. ಅದರ ಹಿಂದೆ, ತಲೆ ನೆರೆತ ಒಬ್ಬ ಹೆಂಗಸು ಒಂದು ಚಾದರದ ಎರಡು ಮೂಲೆ ಹಿಡಿದು ಜೊತೆಗಾತಿಗಾಗಿ ಕಾಯುತ್ತ ನಿಂತಿದ್ದಳು. ಜೊತೆಗಾತಿ ಚಹಾಕ್ಕೆ ಹೋಗಿದ್ದಳೆಂದು ಕಾಣುತ್ತದೆ. ಆ ಅಳತೆಯ ಚಾದರ ಒಬ್ಬರಿಂದ ಮಡಚಲಾಗದು. ಕಾಜಾ ಅಕ್ಕ ಹೋಗಿ ಇನ್ನೆರಡು ಮೂಲೆ ಹಿಡಿದಳು.

ನಾದಿನಿ ಗುರುತು ಹಿಡಿದಳು. ಮುಖ ಕಲ್ಲಾಯಿತು, ಕೈ ನಿಲ್ಲಲಿಲ್ಲ. ಕೊಡವಿದರು, ಎಳೆದರು, ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸಿ ಮತ್ತೆ ದೂರ ಸರಿದರು. ಹತ್ತಿರ ಬಂದಾಗಲೆಲ್ಲ ಕಾಜಾ ಅಕ್ಕ ಒಂದಿಷ್ಟು ಹೇಳಿದಳು. ಹೀಗೆ ಐದಾರು ಚಾದರದಲ್ಲಿ ವಿಷಯ ಮುಗಿಯಿತು.

"ಆ ಫೋಟೋ ಇನ್ನೂ ಇದೆಯಾ?" ಎಂದಳು ನಾದಿನಿ. ಮೊದಲ ಮಾತೇ ಅದು. "ನನ್ನ ಹತ್ರ ಅಣ್ಣಂದು ಒಂದೂ ಫೋಟೋ ಇಲ್ಲ."

"ಇದೆ. ನಿಚ್ಚಳವಾಗಿದೆ. ನೀನು ಬಂದು ಒಂದು ಮಾತು ಹೇಳ್ಬಿಡಮ್ಮಾ. ನಿನ್ನ ಕಾಲು ಹಿಡ್ಕೊಳ್ತೀನಿ. ನಂಗೆ ಬೇರೆ ದಾರಿ ಇಲ್ಲ."

ನಾದಿನಿ ಇನ್ನೊಂದು ಚಾದರ ಎತ್ತಿದಳು. ಸೋಡಾ ನೀರಿಗೆ ಅವಳ ಬೆರಳು ಬೆಳ್ಳಗೆ ಸುಕ್ಕುಗಟ್ಟಿದ್ದವು. "ಒಂದು ಕೇಳ್ತೀನಿ, ನಿಜ ಹೇಳಿ. ಸಾಯೋ ಮುಂಚೆ ಅಣ್ಣ ನನ್ನ ಕೇಳಿದ್ನಾ?"

ಈ ಪ್ರಶ್ನೆ ಬರುತ್ತದೆಂದು ಕಾಜಾ ಅಕ್ಕನಿಗೆ ಗೊತ್ತಿತ್ತು. ಬಸ್ಸಿನಲ್ಲಿ ಉತ್ತರ ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು: ಅವರಿಗೆ ಕೊನೆಕೊನೆಗೆ ಮಾತೇ ನಿಂತಿತ್ತು, ಯಾರ ನೆನಪೂ ಇರಲಿಲ್ಲ. ಎಷ್ಟು ಚೆಂದದ ಸುಳ್ಳು! ಯಾರಿಗೂ ನೋವಿಲ್ಲ. ಪಿಂಚಣಿ ಕೈಗೆ ಬಂದ ಹಾಗೇ. ಬಾಯಿ ತೆರೆದಳು, ಹಾಳಾದ ಬಾಯಿ ಮತ್ತೆ ತನ್ನ ದಾರಿ ಹಿಡಿಯಿತು.

"ಕೇಳಿದ್ರು. ಮೂರು ದಿನ ಕೇಳಿದ್ರು. ಹೇಳಿ ಕಳಿಸಿದೀನಿ, ಬರ್ತಿದಾಳೆ ಅಂದೆ. ಕಳಿಸಿರ್ಲಿಲ್ಲ."

"ಯಾಕೆ?"

"ನೀನು ಬಂದ್ರೆ ನಿನ್ನ ಮುಖ ನೋಡ್ಕೊಂಡೇ ಹೋಗ್ತಾರೆ, ನನ್ನ ಕಡೆ ತಿರುಗಲ್ಲ ಅಂತ ಅನ್ನಿಸ್ತು. ಬಾಗಿಲ ಕಡೆ ನೋಡ್ತಾನೇ ಹೋದ್ರು."

ನಾದಿನಿಯ ಕೈಯಿಂದ ಚಾದರ ಜಾರಿ ಒದ್ದೆ ನೆಲಕ್ಕೆ ಬಿತ್ತು. ಬಾಗಿ ಅದನ್ನೆತ್ತಿ ಕೊಳೆ ಬಟ್ಟೆಯ ತೊಟ್ಟಿಗೆ ಎಸೆದಳು.

"ಇದನ್ನ ಮತ್ತೆ ಒಗೀಬೇಕು" ಎಂದಳು. "ನೀವು ಹೋಗಿ."

ಆ ಮೇಲಿನ ಹನ್ನೆರಡು ದಿನ ಕಾಜಾ ಅಕ್ಕ ಹೇಗೆ ಕಳೆದಳೆಂದು ಕೇಳಬೇಡಿ. ಮಾಲೀಕ ಹೊಸ ಬಾಡಿಗೆಯವರನ್ನು ಕರೆತಂದು, ಅವಳು ಒಳಗೆ ಕೂತಿರುವಾಗಲೇ, ಗೋಡೆಗೆ ಎಲ್ಲಿ ಮೊಳೆ ಹೊಡೆಯಬಹುದೆಂದು ತೋರಿಸಿದ. ಟೈಲರನ ಅಂಗಡಿಗೆ ಹೋಗಿ, ಗುಂಡಿ ಹಚ್ಚುವ ಕೆಲಸವನ್ನಾದರೂ ಕೊಡಪ್ಪ ಎಂದು ದಮ್ಮಯ್ಯ ಹಾಕಿದಳು. ಅವನು ಒಂದು ಅಂಗಿ ಕೊಟ್ಟ, ಮೂರು ಗುಂಡಿ ಮೂರು ದಿಕ್ಕಿಗೆ ಹಚ್ಚಿದ್ದನ್ನು ನೋಡಿ ಏನೂ ಅನ್ನದೆ ಬಿಚ್ಚತೊಡಗಿದ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಸಿಪಾಯಿಯ ಟ್ರಂಕಿನ ಮುಂದೆ ಕೂತು ಜೋರಾಗಿಯೇ ಅತ್ತಳು. ಇನ್ನೊಂದು ಸಲ ಆಸ್ಪತ್ರೆಗೆ ಹೋಗಲು ಎರಡು ಸಲ ಬಸ್ ನಿಲ್ದಾಣದವರೆಗೆ ನಡೆದು, ಎರಡು ಸಲವೂ ಹಿಂದಿರುಗಿದಳು.

ಹದಿನೈದನೇ ದಿನ ಕಚೇರಿ ತೆರೆಯುವ ಮೊದಲೇ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಒಂದು ಗಂಟೆಗೆ ಕಿಟಕಿ ಮುಚ್ಚುತ್ತದೆ. ಹತ್ತಾಯಿತು, ಹನ್ನೊಂದಾಯಿತು. ಗುಮಾಸ್ತ ಅವಳತ್ತ ನೋಡುವುದನ್ನೇ ತಪ್ಪಿಸುತ್ತಿದ್ದ. ಒಂದಕ್ಕೆ ಹತ್ತು ನಿಮಿಷ ಇರುವಾಗ, ಕೆಲಸದ ನೀಲಿ ಕೋಟನ್ನೂ ಬಿಚ್ಚದೆ, ನಾದಿನಿ ಬಾಗಿಲಲ್ಲಿ ಬಂದು ನಿಂತಳು. ಅತ್ತಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಕಿಟಕಿಗೆ ಹೋಗಿ, "ಫೋಟೋದಲ್ಲಿ ಕೂತಿದ್ದವಳು ನಾನು" ಎಂದಳು.

ಗುಮಾಸ್ತ ಇಬ್ಬರನ್ನೂ ಒಳಗೆ ಸಾಹೇಬರ ಕೋಣೆಗೆ ಕರೆದೊಯ್ದ. ಸಾಹೇಬರು ಸೈನ್ಯದಿಂದ ಬಂದವರೇ, ನೆಟ್ಟಗೆ ಕೂತಿದ್ದರು. "ಸುಳ್ಳು ಗುರುತು ಕೊಟ್ಟಿದ್ದು ಅಪರಾಧ. ನಿಮ್ಮ ಕೆಲಸಕ್ಕೆ ತೊಂದರೆ ಬರಬಹುದು. ಯೋಚನೆ ಮಾಡಿ ಹೇಳಿ ತಾಯಿ" ಎಂದರು.

"ಬರ್ಕೊಳ್ಳಿ" ಎಂದಳು ನಾದಿನಿ. "ನಂಗಾಗ ಹತ್ತೊಂಬತ್ತು. ಅಣ್ಣನ ಕಾಗದ ಕಳಿಸೋಕೆ ಮಾರನೇ ದಿನವೇ ಕಡೇ ದಿನ. ಇವರು ಆಸ್ಪತ್ರೆಯಲ್ಲಿ ಕಣ್ಣೇ ಬಿಟ್ಟಿರ್ಲಿಲ್ಲ, ಬದುಕ್ತಾರೋ ಇಲ್ವೋ ಅಂತಿದ್ರು. ಅಣ್ಣ ಅಳ್ತಾ ಬಂದ. ನನಗೇನಾದ್ರೂ ಆದ್ರೆ ಅವಳು ಯಾರ ಮುಂದೆಯೂ ಕೈ ಚಾಚಬಾರದು, ನೀನೇ ಬಂದು ಪಕ್ಕದಲ್ಲಿ ಕೂತ್ಕೋ ಅಂದ. ಇವರ ಸ್ವೆಟರ್ ತಂದು ನಂಗೆ ಹಾಕಿ, ಆರೂ ಗುಂಡಿ ಅವನೇ ಹಾಕ್ದ. ಮುಖ ಅವಳದಲ್ಲ, ಸ್ವೆಟರಾದ್ರೂ ಅವಳದಿರ್ಲಿ ಅಂದ. ಆಮೇಲೆ ಹೇಳೋಕೆ ಅವನಿಗೆ ಬಾಯಿ ಬರ್ಲಿಲ್ಲ. ಆ ದಿನದ ಮಾತೆತ್ತಿದ್ರೆ ಕೂಸಿನ ಮಾತೂ ಬರುತ್ತಲ್ಲ."

ಕಾಜಾ ಅಕ್ಕ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಹದಿನೈದು ದಿನದಿಂದ ತಾನು ಶಪಿಸುತ್ತಿದ್ದ ಗಂಡ ಅವಳ ಎದೆಯೊಳಗೆ ಬಂದು ನಿಂತಿದ್ದ.

"ಇವರೇ ಅವರ ಹೆಂಡತಿ ಅನ್ನೋದು ನಿಜ ತಾನೇ?" ಎಂದರು ಸಾಹೇಬರು.

"ಇವರೇ" ಎಂದಳು ನಾದಿನಿ. "ಬೇರೆ ಯಾರೂ ಇರ್ಲಿಲ್ಲ ಅವನಿಗೆ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಸತ್ತವನ ಮೇಲೆ, ಹತ್ತೊಂಬತ್ತರ ಹುಡುಗಿಯ ಮೇಲೆ ಕೇಸು ಹಾಕುವುದು ಬೇಡ ಎಂದರು. ಪಿಂಚಣಿ ಮಂಜೂರು ಮಾಡಬಹುದೆಂದು ಬರೆದು ಸಹಿ ಹಾಕಿದರು. ಇಷ್ಟಕ್ಕೆ ಏಳು ತಿಂಗಳು ಕಾಲು ಸವೆದಿತ್ತು. ಕಾಜಾ ಅಕ್ಕನಿಗೆ ಅಳುವುದಕ್ಕೂ ಆಗಲಿಲ್ಲ.

ಹೊರಗೆ ಮೇಜಿನ ಮೇಲೆ ಗುಮಾಸ್ತ ಕಡತ ಬಿಚ್ಚಿದಾಗ ನಾದಿನಿ ಬಾಗಿ ನೋಡಿದಳು. ನೋಡುತ್ತಲೇ ಇದ್ದಳು. "ಇದು ನಂಗೆ ಬೇಕಿತ್ತು" ಎಂದಳು.

"ಕೊಡೋ ಹಾಗಿಲ್ಲಮ್ಮಾ. ಸರ್ಕಾರದ ಕಡತ. ನಿಮ್ಮ ಹೇಳಿಕೆ ಮೇಲೆ ಈಗ ಇದು ರದ್ದಾಗುತ್ತೆ" ಎಂದ ಗುಮಾಸ್ತ. ರದ್ದು ಮಾಡುವ ಕ್ರಮ ಒಂದಿದೆ: ಮೂಲೆಯಿಂದ ಮೂಲೆಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಅವನು ಅಡಿಪಟ್ಟಿ ತೆಗೆದು ಫೋಟೋದ ಮೇಲಿಟ್ಟ. ನಾದಿನಿ ಅಡಿಪಟ್ಟಿಯ ಮೇಲೆ ಕೈಯಿಟ್ಟಳು.

"ಅಣ್ಣನ ಮುಖದ ಮೇಲೆ ಬೇಡ ಸ್ವಾಮಿ. ನನ್ನ ಮೇಲೆ ಎಷ್ಟು ಬೇಕಾದ್ರೂ ಎಳೀರಿ."

ನಿಯಮಕ್ಕೆ ಒಪ್ಪದ ಕೆಲಸ. ಆದರೂ ಗುಮಾಸ್ತ ಅಡಿಪಟ್ಟಿ ಸರಿಸಿ, ಬಲಗಡೆಯ ಅರ್ಧಕ್ಕೆ ಮಾತ್ರ ಗೆರೆ ಎಳೆದ. ಕಾಜಾ ಅಕ್ಕನ ಕಣ್ಣಿಗೆ ಮುಖ ಕಾಣಲಿಲ್ಲ, ಸ್ವೆಟರಿನ ಮೇಲೆ ಹಾದುಹೋದ ಕೆಂಪು ಮಾತ್ರ ಕಂಡಿತು. ಅದರ ಪಕ್ಕದಲ್ಲಿ ಸಿಪಾಯಿ ಒಬ್ಬನೇ ಕೂತಿದ್ದ.

ಮೆಟ್ಟಿಲಿಳಿಯುವಾಗ ಅವಳು ನಾದಿನಿಯ ಕೋಟಿನ ತುದಿ ಹಿಡಿದಳು. "ಮನೆಗೆ ಬಾಮ್ಮಾ. ಒಂದು ಲೋಟ ಚಹಾ ಕುಡ್ಕೊಂಡು ಹೋಗು."

"ಬಾಗಿಲು ತೆಗೀತೀರಾ ಅತ್ತಿಗೆ?" ಎಂದಳು ನಾದಿನಿ. ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು.

ಉತ್ತರಕ್ಕೆ ಕಾಯದೆ ಕೋಟು ಬಿಡಿಸಿಕೊಂಡು ಬಸ್ಸಿನ ಕಡೆ ಹೋದಳು. ಸಂಜೆಯ ಪಾಳಿಗೆ ಹಾಜರಾಗಬೇಕಿತ್ತು.