ಖಾಲಿ ಸಿರಿಂಜು

ಮೆಹಬೂಬಿ ಅಕ್ಕ, ನಿಮ್ಮ ಮಗಳು ರೇಷ್ಮಾಳಿಗೆ ನಾನು ಲಸಿಕೆ ಹಾಕಿರಲಿಲ್ಲ. ಖಾಲಿ ಸಿರಿಂಜು ಚುಚ್ಚಿ ರಕ್ತ ತೆಗೆದೆ, ಅಷ್ಟೇ. ನೀವು ಲಸಿಕೆಯೆಂದು ನಂಬಿದಿರಿ — ನಾನು ನಂಬಲು ಬಿಟ್ಟೆ.

ಬೇರೊಂದು ನಿರಪಾಯದ ವೈರಸ್ಸಿನ ಒಡಲಿಗೆ ಡೆಂಗಿಯ ಹೊರಕವಚ ತೊಡಿಸಿ ಲಸಿಕೆ ಮಾಡುವ ಪ್ರಯತ್ನ ನಮ್ಮ ಪ್ರಯೋಗಾಲಯದ್ದು. ಅದಿನ್ನೂ ಇಲಿಗಳ ಹಂತ ದಾಟಿರಲಿಲ್ಲ. ಹಿಂದೆ ಡೆಂಗಿ ಬಂದವರ ರಕ್ತ ಆ ಕವಚವನ್ನು ಗುರುತಿಸುತ್ತದೆಯೇ ಎಂದು ನೋಡಲು ಸವಣೂರಿನ ನಿಮ್ಮ ಓಣಿಗೆ ಬಂದೆವು. ನಾನು ಅಲ್ಲೇ ಹತ್ತಿರದ ದುಂಡಸಿ ಊರಿನವನು, ನಿಮ್ಮ ಮಾತು ಬಲ್ಲವನು; ಹಾಗಾಗಿ ಜನರಿಗೆ ಬಿಡಿಸಿ ಹೇಳುವ ಕೆಲಸ ನನ್ನದು. ಅವಸರದಲ್ಲಿ, “ಡೆಂಗಿ ಲಸಿಕೆಯ ಕೆಲಸ” ಎಂದಷ್ಟೇ ಹೇಳಿದೆ.

ರೇಷ್ಮಾ ತೋಳು ಹಿಂದೆಳೆದುಕೊಂಡಳು. ನೀವು ನಕ್ಕಿರಿ: “ಮನ್ಯಾಗ ನನ್ನ ಮ್ಯಾಲೆ ಹುಲಿರೀ ಈಕಿ, ಸೂಜಿ ಕಂಡ್ರ ಬೆಕ್ಕಿನ ಮರಿ!” ಅವಳು ಕಣ್ಣು ಮುಚ್ಚಿದಳು, ನೀವು ಮುಖ ತಿರುಗಿಸಿದಿರಿ; ಸಿರಿಂಜಿಗೆ ರಕ್ತ ಏರಿದ್ದನ್ನು ಇಬ್ಬರೂ ನೋಡಲಿಲ್ಲ. ಆಮೇಲೆ ಕೇಳಿದಿರಿ: “ಇನ್ನ ಈಕಿಗೆ ಡೆಂಗಿ ಬರಂಗಿಲ್ಲ, ಹೌದಲ್ರಿ ಸರ?”

ಹೂಂ ಎಂದೆನೇ? ಬರೀ ನಕ್ಕೆನೇ? ತಲೆಯಾಡಿಸಿದಂತೆ ಒಮ್ಮೆ ನೆನಪು. ಸಿರಿಂಜನ್ನೇ ನೋಡುತ್ತಿದ್ದೆ ಎಂದು ಇನ್ನೊಮ್ಮೆ. ನೆನಪನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು — ಆ ಕಲಿಕೆಯ ಹಿಂದೆಯೇ ಇಷ್ಟು ವರ್ಷ ಅಡಗಿದ್ದೆ. ಆದರೆ “ಇಲ್ಲ” ಎನ್ನಲಿಲ್ಲ, ಅದರಲ್ಲಿ ಅನುಮಾನವಿಲ್ಲ. ಬರೀ ರಕ್ತಕ್ಕಾಗಿ ಬಂದಿದ್ದೇವೆ ಎಂದಿದ್ದರೆ ನಿಮ್ಮ ಹಿಂದೆ ಸೂಜಿಗಾಗಿ ನಿಂತಿದ್ದ ಜನರ ಸಾಲು ಕರಗಿಬಿಡುತ್ತಿತ್ತು.

ರೇಷ್ಮಾಳಂತೆ ಒಮ್ಮೆ ಡೆಂಗಿ ಬಂದುಹೋದವರಿಗೆ ಇನ್ನೊಂದು ಬಗೆಯ ಡೆಂಗಿ ತಗುಲಿದರೆ ಅಪಾಯ ಹೆಚ್ಚು. ಅದೂ ನನಗೆ ಗೊತ್ತಿತ್ತು.

ಮುಂದಿನ ಮಳೆಗಾಲದಲ್ಲಿ ರೇಷ್ಮಾಳಿಗೆ ಜ್ವರ ಬಂತು. ಸೂಜಿ ಆಗಿದೆಯಲ್ಲ, ಇದು ಡೆಂಗಿ ಇರಲಾರದು ಎಂದು ನೀವು ಮನೆಯಲ್ಲೇ ಕಾದಿರಿ. ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ —

ಸಾವಿನ ಮನೆಗೆ ಮಾತಾಡಿಸಲು ಬಂದ ನನಗೆ ಚಹಾ ಕೊಟ್ಟು, ಸಮಾಧಾನವನ್ನೂ ನೀವೇ ಹೇಳಿದಿರಿ: “ನಿಮ್ಮ ಔಷಧ ಚಲೋನ ಇತ್ರಿ. ನಮ್ಮ ಹುಡುಗಿ ನಸೀಬ ಚಲೋ ಇರ್ಲಿಲ್ಲ.”

ನಾನು ಚಹಾ ಕುಡಿದೆ. ಎರಡನೆಯ ಸಲವೂ ನಿಮ್ಮನ್ನು ನಂಬಲು ಬಿಟ್ಟೆ.

ನಿನ್ನೆ ನಿಮ್ಮ ಫೋನು ಬಂತು. “ಸಣ್ಣಾಕಿ ಶಾಲಿಗೆ ಹೊಂಟಾಳ್ರಿ ಸರ. ಮರೀಬ್ಯಾಡ್ರಿ, ಈಕಿಗೂ ಆ ಸೂಜಿ ಮಾಡ್ರಿ.”

ನಾಳೆ ಬರುತ್ತೇನೆ ಅಕ್ಕ, ಬರಿಗೈಯಲ್ಲಿ. ಹೊಸ್ತಿಲಾಚೆ ನಿಂತೇ ಇದನ್ನೆಲ್ಲ ಹೇಳುತ್ತೇನೆ — ನೀವು ಚಹಾಕ್ಕೆ ನೀರಿಡುವ ಮೊದಲು.